ಶುಗರ್ ಕಾಲಿನ ಗಾಯಕ್ಕೆ ವ್ಯಾಕ್ ಡ್ರೆಸಿಂಗ್: ಹಾಕೋಕೆ ಮುಂಚೆಯಿಂದ ಬಿಚ್ಚೋ ತನಕ

"ವ್ಯಾಕ್ ಹಾಕಿಬಿಡೋಣ" ಅಂತ ಡಾಕ್ಟ್ರು ರೌಂಡ್ಸ್‌ನಲ್ಲಿ ಹೇಳಿ ಮುಂದಿನ ಬೆಡ್‌ಗೆ ಹೋಗಿಬಿಡ್ತಾರೆ, ಆಮೇಲೆ ಮನೆಯವ್ರು ನಮ್ಮನ್ನ ಹಿಡ್ಕೊಂಡು ಕೇಳ್ತಾರೆ, ಸಿಸ್ಟರ್ ಅದೇನು ಮಷೀನು, ಎಷ್ಟು ದಿನ ಇಡ್ತೀರಿ, ಕರೆಂಟ್ ಹೊಡಿಯಲ್ವಾ, ಕಾಲು ಉಳಿಯುತ್ತಾ. ದಾವಣಗೆರೇಲಿ ಸರ್ಜರಿ ವಾರ್ಡ್‌ನಲ್ಲಿ ಡ್ರೆಸಿಂಗ್ ಮಾಡೋದು ನನ್ನ ಕೆಲ್ಸ. ಚನ್ನಗಿರಿ, ಹೊನ್ನಾಳಿ, ಜಗಳೂರು, ಆ ಕಡೆ ಹೊಳಲ್ಕೆರೆ ಚಳ್ಳಕೆರೆಯಿಂದ್ಲೂ ಪೇಷೆಂಟ್ ಬರ್ತಾರೆ, ಒಬ್ಬೊಬ್ಬರಿಗೂ ನಿಂತ್ಕಂಡು ಪೂರ್ತಿ ಹೇಳೋಷ್ಟು ಟೈಮ್ ಇರಲ್ಲ, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ. ಹೊಸದಾಗಿ ಡ್ಯೂಟಿಗೆ ಬಂದ ಜೂನಿಯರ್ಸ್‌ಗೂ ಬೇಕಾಗುತ್ತೆ. ಫೋಮ್ ಹಾಕೋದು ಬಿಚ್ಚೋದು ಟ್ರೈನಿಂಗ್ ಆದವ್ರ ಕೆಲ್ಸ ಕಣ್ರೀ, ಇದನ್ನ ಓದ್ಕೊಂಡು ಮನೇಲಿ ಯಾರೂ ಟ್ರೈ ಮಾಡ್ಬೇಡಿ. ಮನೆಯವ್ರ ಪಾಲಿನ ಕೆಲ್ಸ ಬೇರೆ ಐತೆ, ಅದೇನು ಕಮ್ಮಿ ಅಲ್ಲ, ಮುಂದೆ ಹೇಳ್ತೀನಿ.

ಈ ಮಷೀನ್ ಮಾಡೋದೇನು

ಗಾಯದ ಗುಂಡಿಗೆ ತೂತು ತೂತಿರೋ ಫೋಮ್ ಇಟ್ಟು, ಮೇಲೆ ಅಂಟೋ ಪ್ಲಾಸ್ಟಿಕ್ ಫಿಲ್ಮ್ ಹಾಕಿ ಗಾಳಿ ಹೋಗದಂಗೆ ಸೀಲ್ ಮಾಡಿ, ಒಂದು ಪೈಪ್ ಜೋಡಿಸಿ ಮಷೀನ್‌ನಿಂದ ಸಮನಾಗಿ ಎಳೆಯೋದು, ಇಷ್ಟೇ. ವ್ಯಾಕ್ (ವ್ಯಾಕ್ಯೂಮ್), ನೆಗೆಟಿವ್ ಪ್ರೆಶರ್ ಅನ್ನೋದು ಅದಕ್ಕೇ. ಸೋರೋ ನೀರು ಡಬ್ಬಿಗೆ ಹೋಗುತ್ತೆ, ಗಾಯದ ಅಂಚುಗಳು ಒಳಕ್ಕೆ ಎಳೆಯುತ್ತವೆ, ಫೋಮ್‌ನ ಸಣ್ಣ ಸಣ್ಣ ತೂತುಗಳು ಗಾಯದ ತಳವನ್ನ ಎಳೆದು ಹಿಡಿಯೋದ್ರಿಂದ ಅಲ್ಲಿರೋ ಜೀವಕೋಶಗಳು ಬೆಳೆಯೋಕೆ ಶುರು ಮಾಡ್ತವೆ, ಗಾಯ ಒಣಗದೆ ಹದವಾದ ತೇವದಲ್ಲಿ ಇರುತ್ತೆ. ದಿನಾ ಎರಡು ಸಲ ಗಾಜ್ ಕಿತ್ತು ಹೊಸಾದು ಹಾಕೋ ನೋವೂ ತಪ್ಪುತ್ತೆ. ಅಮೆರಿಕದ ವೇಕ್ ಫಾರೆಸ್ಟ್ ಯೂನಿವರ್ಸಿಟಿಯ ಅರ್ಜೆಂಟಾ ಮತ್ತೆ ಮೊರಿಕ್ವಾಸ್ ಅನ್ನೋರು ಇದರ ಬಗ್ಗೆ 1997ರಲ್ಲಿ ಪೇಪರ್ ಬರೆದ್ರು, ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆ ಆಗಿದ್ದೂ ಅದೇ ವರ್ಷ. ಇವತ್ತೂ ಎಲ್ಲರೂ ಮಷೀನ್‌ನಲ್ಲಿ ಇಡೋ 125 ಅನ್ನೋ ಪ್ರೆಶರ್ ನಂಬರ್ ಅವರು ಹಂದಿಗಳ ಮೇಲೆ ಮಾಡಿದ ಪ್ರಯೋಗದಿಂದ ಬಂದಿದ್ದು.

ಆದ್ರೆ ಇದು ಪವಾಡ ಅಲ್ಲ. 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಸ್ಟಡೀಲಿ, ಪಾದದ ಒಂದು ಭಾಗ ತೆಗೆದು ಗಾಯ ತೆರೆದಿಟ್ಟಿದ್ದ 162 ಶುಗರ್ ಪೇಷೆಂಟ್‌ಗಳಲ್ಲಿ, ವ್ಯಾಕ್ ಹಾಕಿದವರ ಪೈಕಿ 56% ಜನಕ್ಕೆ ಗಾಯ ಮುಚ್ಚಿತು, ಮಾಮೂಲಿ ಡ್ರೆಸಿಂಗ್‌ನಲ್ಲಿ 39%. ಒಳ್ಳೇದೇ. ಆದ್ರೆ ಜರ್ಮನೀಲಿ 368 ಜನರ ಮೇಲೆ ಮಾಡಿ 2020ರಲ್ಲಿ ಪ್ರಕಟ ಮಾಡಿದ ಸ್ಟಡೀಲಿ 16 ವಾರಕ್ಕೆ ಗಾಯ ಮುಚ್ಚೋದ್ರಲ್ಲಿ ಹೇಳಿಕೊಳ್ಳೋ ವ್ಯತ್ಯಾಸವೇ ಕಾಣಲಿಲ್ಲ. 2023ರ ಅಂತರರಾಷ್ಟ್ರೀಯ ಡಯಾಬಿಟಿಕ್ ಫೂಟ್ ಗೈಡ್‌ಲೈನ್ಸ್ ಏನು ಹೇಳುತ್ತೆ ಅಂದ್ರೆ, ಆಪರೇಶನ್ ಆದ ಮೇಲೆ ಉಳಿಯೋ ಗಾಯಕ್ಕೆ ಇದನ್ನ ಯೋಚನೆ ಮಾಡಿ, ಆಪರೇಶನ್ ಇಲ್ದೆ ತಾನಾಗೇ ಆದ ಹುಣ್ಣಿಗೆ ಬೇಡ ಅಂತ. ಹಂಗಾಗಿ ಹೆಬ್ಬೆರಳ ಕೆಳಗೆ ಎಂಟಾಣೆ ಅಗಲದ ಹುಣ್ಣಿಗೂ ಯಾರಾದ್ರೂ ವ್ಯಾಕ್ ಹಾಕ್ಸಿ ಅಂದ್ರೆ ಯಾಕೆ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ. ಬೆರಳು ತೆಗೆದ ಜಾಗ, ಕೀವು ತೆಗೆಯೋಕೆ ಪಾದ ಕೊಯ್ದು ಬಿಟ್ಟ ದೊಡ್ಡ ಗಾಯ, ಗ್ರಾಫ್ಟ್ (ಚರ್ಮದ ಕಸಿ) ಹಾಕೋಕೆ ತಳ ರೆಡಿ ಮಾಡ್ಬೇಕಾದ ಗಾಯ, ಇಂಥಾ ಕಡೆ ಇದು ನಿಜವಾಗ್ಲೂ ಕೆಲ್ಸ ಮಾಡುತ್ತೆ.

ಹಂತ 1: ಕಾಲಿಗೆ ರಕ್ತ ಬರ್ತಿದೆಯಾ ನೋಡೋದು

ಇದನ್ನ ಬಿಟ್ಟು ಮಷೀನ್ ಹಾಕಿದ್ರೆ ದುಡ್ಡೂ ಹೋಯ್ತು, ಕಾಲೂ ಹೋಯ್ತು. ಪಾದದ ಮೇಲೆ ಮತ್ತೆ ಒಳ ಹಿಮ್ಮಡಿ ಗಂಟಿನ ಹಿಂದೆ ನಾಡಿ ಕೈಗೆ ಸಿಗುತ್ತಾ ನೋಡ್ಬೇಕು, ಸಿಗ್ಲಿಲ್ಲ ಅಂದ್ರೆ ಡಾಪ್ಲರ್, ಅಂದ್ರೆ ರಕ್ತ ಹರಿಯೋದನ್ನ ಪತ್ತೆ ಮಾಡೋ ಟೆಸ್ಟ್. ಕಾಲಿನ ಬಿಪಿಯನ್ನ ಕೈ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಮ್ಮಿ ಬಂದ್ರೆ ರಕ್ತನಾಳ ಕಟ್ಟಿದೆ ಅಂತ ಅರ್ಥ. ಶುಗರ್ ಇರೋರಲ್ಲಿ ಒಂದು ಮೋಸ ಐತೆ, ರಕ್ತನಾಳದ ಗೋಡೆಗೆ ಸುಣ್ಣದ ಅಂಶ ಕೂತು ಗಟ್ಟಿಯಾಗಿರೋದ್ರಿಂದ ನಂಬರ್ 1.3ಕ್ಕಿಂತ ಜಾಸ್ತಿ ಬಂದು ಎಲ್ಲಾ ಚೆನ್ನಾಗೈತೆ ಅನ್ನಿಸುತ್ತೆ, ಒಳಗೆ ರಕ್ತಾನೇ ಹೋಗ್ತಿರಲ್ಲ. ಅಂಥವರಿಗೆ ಹೆಬ್ಬೆರಳಿನ ಪ್ರೆಶರ್ ನೋಡ್ಬೇಕು, ಅದು 30ಕ್ಕಿಂತ ಕೆಳಗಿದ್ರೆ ಗಾಯ ತಾನಾಗಿ ಮಾಯೋದು ಕಷ್ಟ, ಮೊದಲು ನಾಳ ತೆರೆಸ್ಬೇಕು. ವಾಸ್ಕುಲರ್ ಸರ್ಜನ್ ಹತ್ರ ಹೋಗಿ ಅಂತ ಬೆಂಗಳೂರಿಗೆ ಬರ್ಕೊಟ್ರೆ "ಅಷ್ಟು ದೂರ ಯಾರು ಓಡಾಡ್ತಾರೆ, ಇಲ್ಲೇ ಮಷೀನ್ ಹಾಕ್ಬಿಡಿ" ಅಂತಾರಲ್ಲ, ಅದು ಆಗೋ ಮಾತಲ್ಲ. ಬೀಡಿ ಸಿಗರೇಟ್ ಸೇದೋರು ಇವತ್ತೇ ಬಿಡ್ಬೇಕು, ನಾಳೆಯಿಂದ ಅಲ್ಲ.

ಹಂತ 2: ಸತ್ತ ಮಾಂಸ ತೆಗೆಸೋದು

ಕಪ್ಪಗೆ ಚರ್ಮದಂಗೆ ಗಟ್ಟಿಯಾಗಿರೋದು, ಹಳದಿ ಬೂದಿ ಬಣ್ಣದ ಲೋಳೆ, ಇವೆಲ್ಲಾ ಇದ್ದಂಗೇ ಫೋಮ್ ಇಡೋಹಂಗಿಲ್ಲ. ಸತ್ತ ಮಾಂಸದ ಮೇಲೆ ಫಿಲ್ಮ್ ಹಾಕಿ ಮುಚ್ಚಿದ್ರೆ ಒಳಗೆ ಕೀವಿಗೆ ಮನೆ ಕಟ್ಟಿಕೊಟ್ಟಂಗೆ. ಥಿಯೇಟರ್‌ನಲ್ಲಿ ಡೀಬ್ರೈಡ್‌ಮೆಂಟ್ ಮಾಡಿ, ಕೀವಿನ ಪಾಕೆಟ್‌ಗಳನ್ನೆಲ್ಲಾ ತೆರೆದು, ರಕ್ತ ಜಿನುಗೋ ಕೆಂಪು ಮಾಂಸ ಕಾಣೋವರೆಗೂ ಕ್ಲೀನ್ ಮಾಡ್ತಾರೆ. ಮನೆಯವ್ರು ಗಾಯ ನೋಡಿ "ಇಷ್ಟೇ ಇತ್ತು, ಇಷ್ಟು ದೊಡ್ಡದು ಮಾಡಿಬಿಟ್ರಲ್ಲ" ಅಂತ ಗಲಾಟೆ ಮಾಡ್ತಾರೆ, ಮೊದಲೇ ಅಷ್ಟು ದೊಡ್ಡದಿತ್ತು, ಚರ್ಮದ ಕೆಳಗೆ ಮುಚ್ಚಿಕೊಂಡಿತ್ತು ಅಷ್ಟೆ. ಆಪರೇಶನ್ ಆಗಿ ರಕ್ತ ನಿಲ್ಲೋ ತನಕ ಮಷೀನ್ ಬೇಡ, ಮಾಮೂಲಿ ಡ್ರೆಸಿಂಗ್‌ನಲ್ಲಿ ಇಟ್ಟು ನೋಡಿ ಆಮೇಲೆ ಹಾಕ್ತಾರೆ.

ಇನ್ನು ನಾವು ಗಾಯ ತೊಳೆಯೋವಾಗ ಏನೇನು ಸಿಗುತ್ತೆ ಅಂತ ಕೇಳ್ಬೇಡಿ. ಅರಿಶಿನ, ಕಾಫಿಪುಡಿ, ಯಾವುದೋ ಸೊಪ್ಪಿನ ರಸ, ಸುಣ್ಣ. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಸುಣ್ಣ ಹಚ್ಚಿದ್ರೆ ಉರಿಯೂ ಗೊತ್ತಾಗಲ್ಲ, ಸುತ್ತಲಿನ ಚೆನ್ನಾಗಿರೋ ಚರ್ಮಾನೂ ಸುಟ್ಟಿರುತ್ತೆ.

ಹಂತ 3: ಎಲುಬಿಗೆ ಸೋಂಕು ಇಳಿದಿದೆಯಾ, ಯಾರಿಗೆ ಹಾಕಬಾರದು

ಸ್ಟೆರೈಲ್ ಲೋಹದ ಕಡ್ಡಿಯನ್ನ ಮೆಲ್ಲಗೆ ಗಾಯದೊಳಗೆ ಬಿಟ್ಟಾಗ ಟಕ್ ಅಂತ ಗಟ್ಟಿ ತಾಗಿದ್ರೆ ಎಲುಬಿನ ಸೋಂಕಿನ ಅನುಮಾನ ಬಲವಾಗುತ್ತೆ, ಆಮೇಲೆ ಎಕ್ಸ್‌ರೇ, ಬೇಕಾದ್ರೆ ಎಂಆರ್‌ಐ. ಅದಕ್ಕೆ ಚಿಕಿತ್ಸೆ ಶುರು ಮಾಡ್ದೆ ವ್ಯಾಕ್ ಹಾಕೋಹಂಗಿಲ್ಲ. ಮಷೀನ್ ಹಾಕಿದ ಮೇಲೆ ಎಂಆರ್‌ಐಗೆ ಬರೆದ್ರೆ ಮಷೀನನ್ನ ಕಳಚಿಯೇ ಕಳಿಸ್ಬೇಕು, ಎಂಆರ್‌ಐ ರೂಮ್ ಒಳಗೆ ಅದು ಹೋಗಬಾರದು.

ಗಾಯದಲ್ಲಿ ಕ್ಯಾನ್ಸರ್ ಇದ್ರೆ, ರಕ್ತನಾಳ ಅಥವಾ ನರ ಬರಿದಾಗಿ ಕಾಣ್ತಿದ್ರೆ, ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದ ಸುರಂಗದಂಥ ದಾರಿ ಇದ್ರೆ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ತುಂಬಾ ಜೋಪಾನ. ಹಾರ್ಟ್‌ಗೆ ಸ್ಟೆಂಟ್ ಹಾಕಿಸಿಕೊಂಡೋರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೊಳ್ತಿರ್ತಾರೆ, ಕೇಳಿದ್ರೆ "ಅದು ಹಾರ್ಟ್ ಮಾತ್ರೆ, ಕಾಲಿಗೂ ಅದಕ್ಕೂ ಏನು ಸಂಬಂಧ" ಅಂತ ಹೇಳೋದೇ ಇಲ್ಲ. ಹಂಗಂತ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಲೂಬಾರದು. ಮಾತ್ರೆ ಚೀಟಿ ಅಷ್ಟೂ ತಂದು ತೋರಿಸಿಬಿಡಿ.

ಹಂತ 4: ಫೋಮ್ ಹಾಕೋದು

ಇದು ಜೂನಿಯರ್ಸ್‌ಗೆ. ಗಾಯ ಸಲೈನ್‌ನಲ್ಲಿ ತೊಳೆದು, ಉದ್ದ ಅಗಲ ಆಳ ಅಳೆದು ಬರ್ಕೊಳ್ಳಿ, ಪೇಷೆಂಟ್ ಒಪ್ಪಿದ್ರೆ ಫೋಟೋ ತಗೊಳ್ಳಿ. ಸುತ್ತಲಿನ ಚರ್ಮ ಚೆನ್ನಾಗಿ ಒಣಗಬೇಕು, ಕೂದಲಿದ್ರೆ ಟ್ರಿಮ್ ಮಾಡಿ. ಎಣ್ಣೆ, ಕ್ರೀಮ್ ಇದ್ರೆ ಫಿಲ್ಮ್ ಅಂಟಲ್ಲ, ಅರ್ಧ ಲೀಕ್‌ಗೆ ಕಾರಣ ಇದೇ. ಗಾಯದ ಅಂಚಿನ ಸುತ್ತ ಫಿಲ್ಮ್‌ನ ಸಣ್ಣ ಪಟ್ಟಿಗಳನ್ನ ಅಂಟಿಸಿ ಚರ್ಮಕ್ಕೆ ಕಾವಲು ಕೊಡಿ.

ಫೋಮ್ ಕತ್ತರಿಸೋದು ಗಾಯದ ಮೇಲೆ ಹಿಡ್ಕೊಂಡು ಅಲ್ಲ, ದೂರ ಹಿಡಿದು. ಕತ್ತರಿಸಿದ ಅಂಚನ್ನ ಬೆರಳಲ್ಲಿ ಉಜ್ಜಿ ಪುಡಿ ಉದುರಿಸಿ, ಆ ಕರೀ ಪುಡಿ ಗಾಯದಲ್ಲಿ ಉಳಿದ್ರೆ ಅದೇ ಹೊಸ ಸೋಂಕಿಗೆ ದಾರಿ. ಸೈಜ್ ಗಾಯಕ್ಕೆ ಸರಿಯಾಗಿರಲಿ, ಚೆನ್ನಾಗಿರೋ ಚರ್ಮದ ಮೇಲೆ ಫೋಮ್ ಬಂದ್ರೆ ಅಲ್ಲಿ ಬೆಳ್ಳಗೆ ನೆನೆದು ಇನ್ನೊಂದು ಗಾಯ ಆಗುತ್ತೆ. ತುರುಕಬೇಡಿ, ಸುಮ್ನೆ ಕೂರಿಸಿ. ಟೆಂಡನ್ ಅಥವಾ ಎಲುಬು ಕಾಣ್ತಿದ್ರೆ ಕೆಳಗೆ ಅಂಟಿಕೊಳ್ಳದಂಥ ಪ್ಯಾರಾಫಿನ್ ಗಾಜ್ ಪದರ ಹಾಕಿ, ಇಲ್ಲಾ ಕರೀ ಫೋಮ್‌ನಷ್ಟು ಕಚ್ಚಿಕೊಳ್ಳದ ಬಿಳಿ ಫೋಮ್ ಬಳಸಿ. ಎಷ್ಟು ತುಂಡು ಇಟ್ರಿ ಅನ್ನೋದನ್ನ ಎಣಿಸಿ ಫಿಲ್ಮ್ ಮೇಲೆ ಮಾರ್ಕರ್‌ನಲ್ಲಿ ಬರೀರಿ, ಕೇಸ್ ಶೀಟ್‌ನಲ್ಲೂ ಬರೀರಿ. ಮುಂದಿನ ಡ್ರೆಸಿಂಗ್ ಬೇರೆಯವ್ರ ಡ್ಯೂಟೀಲಿ ಬರುತ್ತೆ, ಮೂರು ಅಂತ ಬರೆದಿದ್ರೆ ಅವ್ರು ಮೂರು ತೆಗೀತಾರೆ, ಏನೂ ಬರೀದೆ ಇದ್ರೆ ಒಂದು ತುಂಡು ಮೂಲೇಲಿ ಉಳಿದು ಅದರ ಮೇಲೆ ಮಾಂಸ ಬೆಳೆದುಬಿಡುತ್ತೆ.

ಪಾದದಲ್ಲಿ ಸೀಲ್ ಮಾಡೋದೇ ದೊಡ್ಡ ತಲೆನೋವು. ಹೊಟ್ಟೆ ಗಾಯಕ್ಕೆ ಎರಡು ನಿಮಿಷದಲ್ಲಿ ಫಿಲ್ಮ್ ಹಾಕ್ಬಹುದು, ಬೆರಳ ಸಂದೀಲಿ ಅದು ನಿಲ್ಲಲ್ಲ. ಬೆರಳ ನಡುವೆ ಒಣ ಗಾಜ್ ಇಟ್ಟು, ಫಿಲ್ಮನ್ನ ಒಂದೇ ದೊಡ್ಡ ಹಾಳೆ ಹಾಕೋ ಬದ್ಲು ಚಿಕ್ಕ ಚಿಕ್ಕ ಪಟ್ಟಿ ಮಾಡಿ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಹಾಕಿ, ಅಂಗುಲ ಎರಡಂಗುಲ ಚರ್ಮದ ಮೇಲೆ ಬರಲಿ. ಎಳೆದು ಬಿಗಿಯಾಗಿ ಪೂರ್ತಿ ರೌಂಡ್ ಸುತ್ತಬೇಡಿ, ಮೊದ್ಲೇ ರಕ್ತ ಕಮ್ಮಿ ಇರೋ ಕಾಲು. ಅಂಗಾಲಿನ ಗಾಯ ಆದ್ರೆ ಪೈಪ್‌ನ ಪ್ಯಾಡ್ ಅಲ್ಲೇ ಅಂಟಿಸಬಾರದು, ಅದೇ ಒತ್ತಿ ಇನ್ನೊಂದು ಗಾಯ ಮಾಡುತ್ತೆ. ಚರ್ಮದ ಮೇಲೆ ಮೊದಲು ಫಿಲ್ಮ್ ಅಂಟಿಸಿ, ಅದರ ಮೇಲೆ ಫೋಮ್‌ನ ಉದ್ದ ಪಟ್ಟಿ ಇಟ್ಟು ಪಾದದ ಮೇಲ್ಭಾಗಕ್ಕೋ ಮೊಣಕಾಲ ಕೆಳಗೋ ತಂದು, ಅಲ್ಲಿ ಪ್ಯಾಡ್ ಕೂರಿಸಿ. ಫಿಲ್ಮ್‌ನಲ್ಲಿ ಗೀರು ಹಾಕಿದ್ರೆ ಸಾಲದು, ಎರಡು ಎರಡೂವರೆ ಸೆಂಟಿಮೀಟರ್‌ನ ಗುಂಡನೆ ತೂತೇ ಬೇಕು, ಗೀರು ಎಳೆತಕ್ಕೆ ವಾಪಸ್ ಮುಚ್ಚಿಕೊಳ್ಳುತ್ತೆ.

ಮಷೀನ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಫೋಮ್ ಒಣದ್ರಾಕ್ಷಿ ಥರ ಸುಕ್ಕುಗಟ್ಟಿ ಗಟ್ಟಿಯಾಗುತ್ತೆ. ಆಗ್ಲಿಲ್ಲ ಅಂದ್ರೆ ಎಲ್ಲೋ ಲೀಕ್. ಕಿವಿ ಹತ್ರ ಇಟ್ಟು ಸುಯ್ ಅನ್ನೋ ಸದ್ದು ಎಲ್ಲಿಂದ ಬರ್ತಿದೆ ಕೇಳಿ, ಸಾಮಾನ್ಯವಾಗಿ ಕಿರುಬೆರಳ ಪಕ್ಕ ಇಲ್ಲಾ ಪೈಪ್ ಕೂತ ಜಾಗ, ಅಲ್ಲಿ ಒತ್ತಿ ತೇಪೆ ಹಾಕಿ.

ಹಂತ 5: ಪ್ರೆಶರ್

ಮಾಮೂಲಿ 125 ಮಿಲಿಮೀಟರ್ ಮರ್ಕ್ಯುರಿ, ನಿಲ್ಲಿಸದೆ. ಕೆಲವು ಡಾಕ್ಟ್ರು ಆಮೇಲೆ 5 ನಿಮಿಷ ಆನ್ 2 ನಿಮಿಷ ಆಫ್ ಅಂತ ಮಾಡಿಸ್ತಾರೆ, ಪಾದದಲ್ಲಿ ಹಂಗೆ ಮಾಡಿದ್ರೆ ಲೀಕ್ ಜಾಸ್ತಿ, ನನಗೆ ಇಷ್ಟ ಆಗಲ್ಲ. ರಕ್ತ ಸಂಚಾರ ಕಮ್ಮಿ ಇರೋರಿಗೆ, ನೋವು ತಡೆಯದವರಿಗೆ 75ರ ಆಸುಪಾಸಿಗೆ ಇಳಿಸ್ತಾರೆ. ಶುಗರ್‌ನಿಂದ ನರ ಸತ್ತಿರೋರಿಗೆ ನೋವೇ ಗೊತ್ತಾಗಲ್ಲ, "ಏನೂ ಇಲ್ಲ ಸಿಸ್ಟರ್ ಆರಾಮಾಗಿದೀನಿ" ಅಂತಾರೆ, ಅದನ್ನ ನಂಬ್ಕೊಂಡು ಕೂರಬೇಡಿ, ಬೆರಳ ಬಣ್ಣ, ಬಿಸಿ ನೋಡ್ತಿರಿ.

ಕೆಲವು ಕಡೆ ಮಷೀನ್ ಬದ್ಲು ಗೋಡೆ ಸಕ್ಷನ್‌ಗೆ ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹಾಕೋ ಪೈಪ್) ಜೋಡಿಸಿ, ಸ್ಟೆರೈಲ್ ಮಾಡಿದ ಫೋಮ್ ಮೇಲೆ ಫಿಲ್ಮ್ ಹಾಕಿ ಮಾಡ್ತಾರೆ. ಖರ್ಚು ತುಂಬಾ ಕಮ್ಮಿ, ಬಡವರಿಗೆ ಎಷ್ಟೋ ಸಲ ಇದೇ ಗತಿ, ಇದ್ರಲ್ಲೂ ಗಾಯ ಮಾಗುತ್ತೆ. ಆದ್ರೆ ಪ್ರೆಶರ್ ಏರಿಳಿದ್ರೆ, ಲೀಕ್ ಆದ್ರೆ ಕೂಗೋ ಅಲಾರಂ ಇರಲ್ಲ, ಡಬ್ಬಿಗೆ ರಕ್ತ ತುಂಬಿದ್ರೂ ಅದು ತಾನಾಗಿ ನಿಲ್ಲಲ್ಲ, ಗಂಟೆಗಂಟೆಗೂ ಯಾರಾದ್ರೂ ನೋಡ್ಲೇಬೇಕು. ವಾರ್ಡ್‌ನಲ್ಲಿ ಮಾತ್ರ ಇದು, ಮನೇಲಿ ಅಲ್ಲ.

ಹಂತ 6: ಮಷೀನ್ ಜೊತೆ ಇರೋ ದಿನಗಳು (ಮನೆಯವ್ರು ಇದನ್ನ ಓದ್ಲೇಬೇಕು)

ಪೈಪ್‌ನಲ್ಲೋ ಡಬ್ಬೀಲೋ ಇದ್ದಕ್ಕಿದ್ದಂಗೆ ಕೆಂಪಗೆ ತಾಜಾ ರಕ್ತ ಕಂಡ್ರೆ ಮೊದ್ಲು ಮಷೀನ್ ಆಫ್ ಮಾಡಿ. ಡ್ರೆಸಿಂಗ್ ಕೀಳಬೇಡಿ, ಅದರ ಮೇಲೇ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕಾಲು ಎತ್ತಿ, ವಾರ್ಡ್‌ನಲ್ಲಿದ್ರೆ ಕೂಗಿ, ಮನೇಲಿದ್ರೆ 108ಕ್ಕೆ ಫೋನ್ ಮಾಡಿ. ಔಷಧಿ, ಮಷೀನ್‌ಗಳ ಮೇಲೆ ನಿಗಾ ಇಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2009ರಲ್ಲಿ ಈ ಮಷೀನ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಾಗ ಅದರಲ್ಲಿ ಅತಿ ಗಂಭೀರ ಅಂತ ಹೇಳಿದ್ದು ಈ ರಕ್ತಸ್ರಾವವನ್ನೇ. ತಿಳಿ ಗುಲಾಬಿ ಬಣ್ಣದ ನೀರು ಬಂದ್ರೆ ಗಾಬರಿ ಬೇಡ, ಅದು ಸಹಜ.

ಎರಡನೇದು ಎರಡು ಗಂಟೆ ಲೆಕ್ಕ. ದಿನದಲ್ಲಿ ಎಲ್ಲಾ ಸೇರಿ 2 ಗಂಟೆಗಿಂತ ಜಾಸ್ತಿ ಮಷೀನ್ ನಿಂತಿರಬಾರದು. ಎಳೆತ ಇಲ್ದೆ ಮುಚ್ಚಿದ ಫೋಮ್ ಅಂದ್ರೆ ಕೀವು ನೀರು ಒಳಗೇ ನಿಂತಿದೆ ಅಂತ. ಪೋರ್ಟಬಲ್ ಮಷೀನ್ ಕೊಟ್ಟು ಮನೆಗೆ ಕಳಿಸಿದ್ರೆ ನಿಮ್ಮ ಊರಲ್ಲಿ ಕರೆಂಟ್ ಯಾವಾಗ ಇರುತ್ತೆ ಅನ್ನೋದು ನಿಮಗೇ ಗೊತ್ತು, ತ್ರೀ ಫೇಸ್ ಬಂದಾಗ ಮೋಟ್ರು ಆನ್ ಮಾಡೋಕೆ ಓಡ್ತೀರಲ್ಲ, ಹಂಗೇ ಕರೆಂಟ್ ಇದ್ದಾಗೆಲ್ಲಾ ಇದನ್ನೂ ಚಾರ್ಜ್‌ಗೆ ಹಾಕಿ. ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರ್ಕೊಳ್ಳಿ. ಎರಡು ಗಂಟೆ ದಾಟಿದ್ರೆ ಕಾಯದೆ ಫೋನ್ ಮಾಡಿ, ಫೋಮ್ ತೆಗೆದು ಸಲೈನ್ ಗಾಜ್ ಡ್ರೆಸಿಂಗ್ ಹಾಕಬೇಕಾಗುತ್ತೆ.

ಅಲಾರಂ ಕೂಗಿದ್ರೆ ಆಫ್ ಮಾಡಿ ಮಲಗಬೇಡಿ. ಪೈಪ್ ಮಡಚಿದೆಯಾ, ಡಬ್ಬಿ ತುಂಬಿದೆಯಾ, ಫಿಲ್ಮ್ ಎದ್ದಿದೆಯಾ, ಈ ಮೂರು ನೋಡಿ. ಪೈಪ್ ಕಾಲಿನ ಕೆಳಗೆ ಸಿಕ್ಕಿಕೊಳ್ಳದಂಗೆ ನೋಡ್ಕೊಳ್ಳಿ. ಜ್ವರ, ಚಳಿ, ಕೆಟ್ಟ ವಾಸನೆ, ಕಾಲು ಕೆಂಪಗೆ ಊದೋದು, ಕಾರಣ ಇಲ್ದೆ ಶುಗರ್ ಏರೋದು, ಯಾವುದಾದ್ರೂ ಒಂದು ಕಂಡ್ರೂ ಅವತ್ತೇ ತೋರಿಸಿ.

ಹಂತ 7: ಡ್ರೆಸಿಂಗ್ ಬದಲಾಯಿಸೋದು

48ರಿಂದ 72 ಗಂಟೆಗೊಮ್ಮೆ, ಸೋಂಕಿರೋ ಗಾಯಕ್ಕೆ ಇನ್ನೂ ಬೇಗ. ಮೂರು ದಿನ ಮೀರಿ ಬಿಟ್ರೆ ಹೊಸ ಮಾಂಸ ಫೋಮ್‌ನ ತೂತಿನೊಳಗೆ ಬೆಳೆದು ಕಚ್ಚಿಕೊಳ್ಳುತ್ತೆ, ಕೀಳುವಾಗ ರಕ್ತ. ಬಿಚ್ಚೋಕೆ ಮುಂಚೆ ಮಷೀನ್ ನಿಲ್ಲಿಸಿ, ಫೋಮ್‌ಗೆ ಸಲೈನ್ ಬಿಟ್ಟು 15ರಿಂದ 30 ನಿಮಿಷ ನೆನೆಯಲಿ. ಫಿಲ್ಮನ್ನ ಮೇಲಕ್ಕೆ ಕಿತ್ತು ಎಳೆಯದೆ ಚರ್ಮದ ಮೇಲೇ ಅಡ್ಡಕ್ಕೆ ಹಿಗ್ಗಿಸಿದ್ರೆ ತಾನೇ ಬಿಡುತ್ತೆ. ತುಂಡು ಎಣಿಸಿ. ತಳ ನೋಡಿ: ಕೆಂಪಗೆ ಸಣ್ಣ ಸಣ್ಣ ಗುಳ್ಳೆ ಗುಳ್ಳೆಯಾಗಿ ತುಂಬ್ತಾ ಇದ್ರೆ ಸರಿ ದಾರಿ, ಮಾಸಲು ಬಣ್ಣ ಅಥವಾ ಹೊಸದಾಗಿ ಕಪ್ಪಾದ್ರೆ ಡಾಕ್ಟ್ರನ್ನ ಕರೀರಿ, ಹಳೇ ಥರಾನೇ ಮತ್ತೆ ಫೋಮ್ ಹಾಕಿ ಮುಚ್ಚಬೇಡಿ.

ಹಂತ 8: ಮಷೀನ್ ಮಾಡದ ಕೆಲಸ

ಕಾಲು ಊರಬಾರದು. ನೂರು ಸಲ ಹೇಳ್ತೀನಿ, ಊರಬಾರದು. ಬಾತ್‌ರೂಮ್‌ಗೆ ನಾಲ್ಕು ಹೆಜ್ಜೆ ಅಂತ ಹೋಗೋದು, ಬೆಳಿಗ್ಗೆ ಕೆಳಗಿಳಿದು ಟೀ ಕುಡಿದು ಬರೋದು, ಅಷ್ಟು ಸಾಕು ಹೊಸ ಮಾಂಸ ಜಜ್ಜಿಹೋಗೋಕೆ. ವಾಕರ್, ವೀಲ್‌ಚೇರ್, ಇಲ್ಲಾ ಡಾಕ್ಟ್ರು ಹೇಳಿದ ಕಾಸ್ಟ್ (ಪ್ಲಾಸ್ಟರ್ ಕಟ್ಟು) ಅಥವಾ ಶೂ. ಇನ್ನೊಂದು ಕಾಲನ್ನೂ ದಿನಾ ನೋಡಿ, ಎಲ್ಲಾ ಭಾರ ಅದರ ಮೇಲೆ ಬಿದ್ದಿರುತ್ತೆ.

ಶುಗರ್‌ಗೆ ಆಸ್ಪತ್ರೇಲಿ ಸಾಮಾನ್ಯವಾಗಿ 140ರಿಂದ 180ರೊಳಗೆ ಇಡೋಕೆ ನೋಡ್ತಾರೆ, ಅದಕ್ಕೆ ಇನ್ಸುಲಿನ್ ಬೇಕಾದ್ರೆ ಬೇಕು. "ಒಂದ್ಸಲ ಶುರು ಮಾಡಿದ್ರೆ ಜೀವನಪರ್ಯಂತ" ಅಂತ ಹೆದರ್ಬೇಡಿ, ಗಾಯ ವಾಸಿ ಆದ್ಮೇಲೆ ಎಷ್ಟೋ ಜನ ವಾಪಸ್ ಮಾತ್ರೆಗೆ ಬಂದಿದಾರೆ.

ಊಟದ ಪಥ್ಯ ಅನ್ನೋದು ನನ್ನ ದೊಡ್ಡ ಜಗಳ. ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ನಂಜು ಅಂತ ಬರೀ ಅನ್ನ ತಿಳಿಸಾರು ಕೊಡ್ತಾರೆ. ಡಬ್ಬಿಗೆ ಹೋಗೋ ಆ ನೀರಲ್ಲಿ ಪ್ರೋಟೀನ್ ಹೋಗ್ತಿರುತ್ತೆ, ಅದನ್ನ ತುಂಬಿಸದೆ ಮಾಂಸ ಎಲ್ಲಿಂದ ಬೆಳೀಬೇಕು? ಮೊಟ್ಟೆ, ಮೀನು, ಕಾಳು, ಮೊಸರು ಕೊಡಿ, ಬಿಳಿ ಅನ್ನ ಕಮ್ಮಿ ಮಾಡಿ. ಕಿಡ್ನಿ ತೊಂದ್ರೆ ಇರೋರು ಮಾತ್ರ ಎಷ್ಟು ಪ್ರೋಟೀನ್ ಅಂತ ಡಾಕ್ಟ್ರನ್ನ ಕೇಳಿ. ನೋಡೋಕೆ ಬಂದೋರು ಪ್ರೀತಿಗೆ ಬೆಣ್ಣೆದೋಸೆ ಪಾರ್ಸೆಲ್ ತರೋದು ನಮ್ಮೂರ ಪದ್ಧತಿ, ಅದನ್ನ ಜೊತೇಲಿರೋರು ತಿನ್ನಿ.

ಖರ್ಚು

ಮಷೀನ್ ಬಾಡಿಗೆ ಬೇರೆ, ಪ್ರತೀ ಸಲದ ಫೋಮ್ ಕಿಟ್ ಬೇರೆ, ಡಬ್ಬಿ ಬೇರೆ. "ದಿನಕ್ಕೆ ಇಷ್ಟು" ಅಂತ ಹೇಳಿದ್ರೆ ಅದರಲ್ಲಿ ಏನೇನು ಸೇರಿದೆ ಅಂತ ಬಾಯಿಬಿಟ್ಟು ಕೇಳಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಐತೆ, ನಿಮ್ಮ ಕೇಸ್ ಯಾವ ಪ್ಯಾಕೇಜ್‌ಗೆ ಬರುತ್ತೆ, ಜಿಲ್ಲಾಸ್ಪತ್ರೆಯ ರೆಫರಲ್ ಬೇಕಾ ಅನ್ನೋದನ್ನ ಆಸ್ಪತ್ರೇಲಿ ಈ ಯೋಜನೆ ಮಾಹಿತಿ ಕೊಡೋ ಆರೋಗ್ಯಮಿತ್ರರ ಹತ್ರ ಅಡ್ಮಿಟ್ ಆಗೋಕೆ ಮುಂಚೆ ವಿಚಾರಿಸಿ. ಬಿಲ್ ಆದ್ಮೇಲೆ ಕಾರ್ಡ್ ತೆಗೆದ್ರೆ ಪ್ರಯೋಜನ ಇಲ್ಲ. ದಾವಣಗೆರೇಲಾದ್ರೆ ಚಿಗಟೇರಿ ಜಿಲ್ಲಾಸ್ಪತ್ರೆ, ದುರ್ಗದಲ್ಲಾದ್ರೆ ಅಲ್ಲಿನ ಜಿಲ್ಲಾಸ್ಪತ್ರೆಯಿಂದ ಶುರು ಮಾಡಿ.

ಹಂತ 9: ಯಾವಾಗ ನಿಲ್ಲಿಸೋದು

ಗಾಯದ ತಳ ಕೆಂಪಗೆ ಸಮನಾಗಿ ತುಂಬಿ ಚರ್ಮದ ಮಟ್ಟಕ್ಕೆ ಬಂದ್ರೆ ಮಷೀನ್ ಕೆಲ್ಸ ಮುಗೀತು. ಚಿಕ್ಕದಾದ್ರೆ ಮಾಮೂಲಿ ಡ್ರೆಸಿಂಗ್‌ನಲ್ಲೇ ಮುಚ್ಚುತ್ತೆ, ದೊಡ್ಡದಾದ್ರೆ ತೊಡೆಯಿಂದ ತೆಳು ಚರ್ಮ ತೆಗೆದು ಗ್ರಾಫ್ಟ್ ಹಾಕ್ತಾರೆ, ಅದು ಜರುಗದಂಗೆ ಹಿಡಿಯೋಕೆ ನಾಲ್ಕೈದು ದಿನ ಮತ್ತೆ ಅದೇ ಮಷೀನ್ ಹಾಕೋದೂ ಉಂಟು. ಪೂರ್ತಿ ಮುಚ್ಚೋ ತನಕ ಮಷೀನ್ ಇರ್ಲೇಬೇಕು ಅಂತೇನಿಲ್ಲ. ಇನ್ನು ಎರಡು ವಾರ ಆದ್ರೂ ಅಳತೇಲಿ ಏನೂ ಬದಲಾವಣೆ ಇಲ್ಲ ಅಂದ್ರೆ ಇನ್ನೊಂದು ಕಿಟ್ ತರೋಕೆ ಮುಂಚೆ ಡಾಕ್ಟ್ರನ್ನ ಕೂರಿಸಿ ಕೇಳಿ: ರಕ್ತ ಸರಿಯಾಗಿ ಬರ್ತಿದೆಯಾ, ಎಲುಬಲ್ಲಿ ಸೋಂಕು ಉಳಿದಿದೆಯಾ, ಇವರು ರಾತ್ರಿ ಯಾರಿಗೂ ಗೊತ್ತಾಗದಂಗೆ ನಡೀತಿದಾರಾ. ಮೂರನೇದಕ್ಕೆ ಉತ್ತರ ಪಕ್ಕದ ಬೆಡ್‌ನವ್ರು ಹೇಳ್ತಾರೆ.

ಮುಚ್ಚಿದ ಮೇಲೂ ಒಂದು ವರ್ಷದೊಳಗೆ ಸುಮಾರು 40% ಜನಕ್ಕೆ ಮತ್ತೆ ಗಾಯ ಆಗುತ್ತೆ. ಎಂಸಿಆರ್ (ಮೆತ್ತನೆ ರಬ್ಬರ್) ಚಪ್ಪಲಿ ಮಾಡಿಸ್ಕೊಳ್ಳಿ, ಮನೆಯೊಳಗೂ ಒಂದು ಜೊತೆ ಇರ್ಲಿ, ಹಿಂದೆ ಪಟ್ಟಿ ಇರೋದೇ ಬೇಕು, ಬೆರಳಲ್ಲಿ ಕಚ್ಚಿ ಹಿಡಿಯೋ ಹವಾಯಿ ಬೇಡ. ಅಳತೆ ಕೊಡೋಕೆ ಸಾಯಂಕಾಲ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಗದ್ದೆ ಕೆಸರಿಗೆ ಬರಿಗಾಲಲ್ಲಿ ಇಳಿಯೋದು, ದುಗ್ಗಮ್ಮನ ಜಾತ್ರೇಲಿ, ನಾಯಕನಹಟ್ಟಿ ತೇರಲ್ಲಿ ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲ ಹರಕೆ ತೀರಿಸೋದು ಬೇಡ. ಹರಕೆ ಬಾಕಿ ಇದ್ರೆ ಮನೇಲಿ ಶುಗರ್ ಇಲ್ಲದವರು ಯಾರಾದ್ರೂ ಹೋಗಿ ತೀರಿಸಿ ಬರಲಿ.